ನಲವತ್ತೊಂದನೆಯ ಮಹಡಿಯ ಮೂಲೆ

ಬೀದಿಯವರಿಗೆಲ್ಲ ಅವಳು ಗಾಜಮ್ಮ. ಹೆತ್ತವರು ಇಟ್ಟ ಹೆಸರು ಯಾವುದೋ ಕಾಗದದಲ್ಲಿತ್ತು, ಕೇಳಿದವರಿಲ್ಲ. ಗಂಡ ಕಿಟಕಿಗೆ ಗಾಜು ಕೂರಿಸುವವನು. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ಒಂದು ಅಂಗಡಿ ಇಟ್ಟಿದ್ದರು. ಅಂಗಡಿ ಅಂದರೆ ಒಂದು ಬಾಗಿಲು, ಒಂದು ಉದ್ದದ ಮೇಜು, ಗೋಡೆಗೆ ಒರಗಿಸಿದ ಗಾಜು. ದೊಡ್ಡ ಗಾಜನ್ನು ಒಬ್ಬರೇ ಎತ್ತಲು ಆಗುವುದಿಲ್ಲ. ಇನ್ನೊಂದು ತುದಿ ಅವಳದು. ಹನ್ನೊಂದು ವರ್ಷ ಹಾಗೆ ಹಿಡಿದಳು. ಆ ವರ್ಷಗಳಲ್ಲಿ ಗಂಡನ ಮುಖ ನೋಡಿದ್ದೆಲ್ಲ ಹೆಚ್ಚಾಗಿ ಗಾಜಿನಾಚೆಯಿಂದಲೇ.

ಓದಿದ್ದು ನಾಲ್ಕನೇ ತರಗತಿ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಆದರೆ ಗಾಜಿನ ಅಂಚನ್ನು ಕಣ್ಣು ಮುಚ್ಚಿ ಮುಟ್ಟಿ, ಇದು ನೆಟ್ಟಗೆ ಕೊಯ್ದದ್ದೋ ಅಲ್ಲವೋ ಹೇಳುತ್ತಾಳೆ.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಗಂಡ ಒಂದು ದೊಡ್ಡ ಕಂಪನಿ ಸೇರಿ ಗೋಪುರದಂಥ ಕಟ್ಟಡಗಳಿಗೆ ಗಾಜು ಕೂರಿಸತೊಡಗಿದ. ಮೇಸ್ತ್ರಿಯಾದ. ಅವನ ಕೈಕೆಳಗೆ ಕೆಲಸ ಕಲಿತವನಿಗೇ ಮಗಳನ್ನು ಕೊಟ್ಟರು. ನಾಲ್ಕು ತಿಂಗಳ ಹಿಂದೆ ಗಂಡ ಎದೆಯ ಕಾಯಿಲೆಯಿಂದ ಮನೆಯ ಮಂಚದ ಮೇಲೇ ಸತ್ತ. ಮೇಲಿಂದ ಬಿದ್ದನೇ ಎಂದು ಎಲ್ಲರೂ ಕೇಳಿದರು. ಇಲ್ಲ ಎಂದರೆ ಅವರಿಗೆ ನಿರಾಸೆ. ಜನಕ್ಕೆ ಸಾವಿನಲ್ಲೂ ರುಚಿ ಬೇಕು.

ಈಗ ಅವನ ಜಾಗಕ್ಕೆ ಅಳಿಯನನ್ನು ಮೇಸ್ತ್ರಿ ಮಾಡಿದ್ದರು. ಆ ಖುಷಿಗೆ ಕಂಪನಿಯ ಮಾಲೀಕ ಊಟಕ್ಕೆ ಕರೆದಿದ್ದ. ಊಟ ಎಲ್ಲಿ ಎಂದರೆ, ನಲವತ್ತೊಂದನೆಯ ಮಹಡಿಯ ಹೋಟೆಲಿನಲ್ಲಿ. ಆ ಮಹಡಿಯ ಗಾಜೆಲ್ಲ ಕೂರಿಸಿದ್ದು ಇವರದೇ ತಂಡ.

"ನಾನು ಬರಲ್ಲ. ನನಗೆ ಹಸಿವೂ ಇಲ್ಲ, ಖುಷಿಯೂ ಇಲ್ಲ" ಎಂದಳು ಗಾಜಮ್ಮ.

"ಮಾಲೀಕರೇ ಹೇಳಿದಾರಮ್ಮ, ಅತ್ತೇನೂ ಕರ್ಕೊಂಡು ಬಾ ಅಂತ. ಬರದೇ ಇದ್ರೆ ಏನಂದ್ಕೋತಾರೆ?" ಎಂದಳು ಮಗಳು. "ಅಲ್ಲಿ ಬಾಯಿ ಮಾತ್ರ ಬಿಡಬೇಡ."

"ಊಟಕ್ಕೆ ಕರೆದು ಬಾಯಿ ಬಿಡಬೇಡ ಅಂದ್ರೆ ಹೇಗೆ ತಿನ್ನೋದೇ?"

ಆದರೂ ಹೋದಳು. ಗಂಡ ಎಂಟು ತಿಂಗಳು ಆ ಮಹಡಿಯಲ್ಲಿ ದುಡಿದಿದ್ದ. ಬುತ್ತಿಯನ್ನು ಮೆಟ್ಟಿಲ ಮೇಲೆ ಕೂತು ತಿಂದಿದ್ದ. ಅವನ ಕೆಲಸ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಬೇಕಿತ್ತು ಅವಳಿಗೆ. ಉಳಿದದ್ದು ಏನಾದರೂ ಆಗಲಿ.

ಲಿಫ್ಟಿನಲ್ಲಿ ಕಿವಿ ಕಟ್ಟಿತು. ಬಾಗಿಲು ತೆರೆದರೆ ಒಬ್ಬ ಹುಡುಗಿ ನಿಂತು ನಕ್ಕಳು. ಯಾರನ್ನು ನೋಡಿ ನಕ್ಕಳೋ, ಕಣ್ಣು ಮಾತ್ರ ಗಾಜಮ್ಮನ ಚಪ್ಪಲಿಯ ಮೇಲಿತ್ತು. ಒಳಗೆ ಕತ್ತಲು. ಇಷ್ಟು ದುಬಾರಿ ಜಾಗದಲ್ಲಿ ದೀಪಕ್ಕೇಕೆ ಬಡತನವೋ ಅವಳಿಗೆ ತಿಳಿಯಲಿಲ್ಲ. ತಟ್ಟೆಯಲ್ಲಿ ಏನಿದೆ ಎಂದು ಜನ ಮೊಬೈಲಿನ ಬೆಳಕು ಬಿಟ್ಟು ನೋಡುತ್ತಿದ್ದರು.

ಮೂರು ಕಡೆ ಗಾಜು. ಅದರಾಚೆ ಊರು. ಸಂಜೆ ಏಳಕ್ಕೆ ಎಲ್ಲ ದೀಪ ಹತ್ತಿದ್ದವು. ಈ ಊರು ಕಾಣಲಿ ಎಂದೇ ಜನ ಇಷ್ಟು ಮೇಲೆ ಹತ್ತಿ ಬರುತ್ತಾರೆ. ಕೆಳಗಿದ್ದಾಗ ಇದೇ ಊರನ್ನು ಮೂಗು ಮುಚ್ಚಿಕೊಂಡು ದಾಟುವ ಜನ. ದೂರದಿಂದ ನೋಡಿದರೆ ನಾರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಾಲೀಕ ಮೂಲೆಯ ಮೇಜು ಹಿಡಿಸಿದ್ದ. ಎರಡು ಗಾಜಿನ ಗೋಡೆ ಕೂಡುವ ಜಾಗ ಅದು. ಎಲ್ಲರೂ ಬಯಸುವ ಮೇಜಂತೆ, ತಿಂಗಳ ಮೊದಲೇ ಹೇಳಿಡಬೇಕಂತೆ. ಮಾಲೀಕನ ಹೆಂಡತಿ ಗಾಜಿಗೆ ಬೆನ್ನು ಮಾಡಿ ಕೂತು ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿದ್ದಳು.

"ಇಲ್ಲಿ ಬಂದ್ರೆ ನಾವೆಲ್ಲ ಎಷ್ಟು ಚಿಕ್ಕವರು ಅನ್ಸುತ್ತೆ ಅಲ್ವಾ?" ಎಂದಳು ಆಕೆ.

"ನನಗೆ ಕೆಳಗಿದ್ದಾಗಲೇ ಅನ್ಸುತ್ತೆ" ಎಂದಳು ಗಾಜಮ್ಮ.

ಮೇಜಿನಡಿ ಮಗಳು ಚಿವುಟಿದಳು.

ಬಡಿಸುವವನು ಬಂದ. ಬಂಡಿಯ ಗಾಲಿಯಷ್ಟು ದೊಡ್ಡ ತಟ್ಟೆ, ನಡುವೆ ಹೆಬ್ಬೆರಳಿನಷ್ಟು ಕೆಂಪಗೆ ಏನೋ, ಪಕ್ಕದಲ್ಲಿ ಮೂರು ಹಸಿರು ಚುಕ್ಕೆ. ಅವನು ಕೈ ಕಟ್ಟಿ ನಿಂತು, ಅದು ಎಲ್ಲಿ ಬೆಳೆಯಿತು, ಎಷ್ಟು ಗಂಟೆ ಹೊಗೆಯಲ್ಲಿತ್ತು, ಮೇಲಿನ ನೊರೆ ಯಾವುದರದ್ದು ಎಂದೆಲ್ಲ ಒಪ್ಪಿಸಿದ. ಹೆಣ್ಣು ನೋಡಲು ಬಂದವರ ಮುಂದೆ ಮಗಳ ಗುಣಗಾನ ಮಾಡಿದ ಹಾಗಿತ್ತು. ಗಾಜಮ್ಮ ಪೂರ್ತಿ ಕೇಳಿಸಿಕೊಂಡಳು.

"ಸರಿ ಕಣಪ್ಪ. ಯಾವಾಗ ಬಡಿಸ್ತೀಯ?"

"ಬಡಿಸಿ ಆಯ್ತಮ್ಮ."

ಅಳಿಯ ಕೆಮ್ಮಿದ. ಅವನು ಹೊಸ ಅಂಗಿ ಹಾಕಿದ್ದ. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಮಾಲೀಕ ನಕ್ಕರೆ ನಗುತ್ತಿದ್ದ, ಮಾಲೀಕ ಲೋಟ ಎತ್ತಿದರೆ ಎತ್ತುತ್ತಿದ್ದ. ಮಾಲೀಕ ಕುಡಿದ ನೀರೇ ಇವನ ಗಂಟಲಿಗೂ ಇಳಿಯುತ್ತದೇನೋ ಎಂದುಕೊಂಡಳು ಗಾಜಮ್ಮ.

ಆಗ ಹೋಟೆಲಿನ ಮ್ಯಾನೇಜರ್ ಬಂದ. ಮಾಲೀಕನ ಕೈ ಕುಲುಕಿದ. ಮಾತಾಡುತ್ತ ಮಾತಾಡುತ್ತ ಮೂಲೆಯತ್ತ ಕಣ್ಣು ಮಾಡಿದ. ಗಾಜು ನೆಲ ಮುಟ್ಟುವಲ್ಲಿ ಮಡಿಸಿದ ಬಿಳಿ ಟವೆಲ್ ಒಂದನ್ನು ತುರುಕಿದ್ದರು.

"ಸಾರ್, ಮಳೆ ಬಂತು ಅಂದ್ರೆ ಇಲ್ಲಿ ನೀರು. ಹೋದ ವಾರ ಒಬ್ಬರ ಶೂ ಒಳಗೆ ಹೋಯ್ತು. ಕಟ್ಟಡದ ಆಫೀಸಿನವರು ನಮ್ಮ ದೂರಿನ ಪುಸ್ತಕದಲ್ಲಿ ಬರೆಸಿದಾರೆ."

"ಗೊತ್ತು, ಗೊತ್ತು. ಅದಕ್ಕೇ ಇವನನ್ನ ಮೇಸ್ತ್ರಿ ಮಾಡಿರೋದು" ಎಂದು ಮಾಲೀಕ ಅಳಿಯನ ಬೆನ್ನು ತಟ್ಟಿದ. "ಈ ಮೂಲೆ ಹಳೇ ಮೇಸ್ತ್ರಿ ಮಾಡಿದ್ದು. ಪಾಪ, ಒಳ್ಳೇ ಮನುಷ್ಯ. ಕೊನೆಗಾಲದಲ್ಲಿ ಕೈ ನಡುಗ್ತಿತ್ತು. ಇವನೇ ಬಂದು ಹೇಳ್ದ ನಂಗೆ." ಆಮೇಲೆ ಗಾಜಮ್ಮನ ಕಡೆ ತಿರುಗಿ, ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ ಅಮ್ಮ. ವಯಸ್ಸು ಯಾರನ್ನ ಬಿಡುತ್ತೆ?" ಎಂದ.

ಮ್ಯಾನೇಜರ್ ತಲೆಯಾಡಿಸಿದ. "ಹೌದು ಸಾರ್. ಪುಸ್ತಕದಲ್ಲೂ ಹಾಗೇ ಬರ್ಕೊಂಡಿದೀವಿ. ಹಳೇ ಮೇಸ್ತ್ರಿ ತಪ್ಪು ಅಂತ."

ಗಾಜಮ್ಮ ಅಳಿಯನನ್ನು ನೋಡಿದಳು. ಅವನು ತಟ್ಟೆಯ ಹಸಿರು ಚುಕ್ಕೆಯನ್ನು ಚಮಚದಲ್ಲಿ ಸವರುತ್ತಿದ್ದ.

ಗಂಡನ ಕೈ ನಡುಗುತ್ತಿದ್ದದ್ದು ನಿಜ. ಲೋಟ ಹಿಡಿದರೆ ಕಾಫಿ ಚೆಲ್ಲುತ್ತಿತ್ತು. ಅಂಗಿಯ ಗುಂಡಿ ಅವಳೇ ಹಾಕುತ್ತಿದ್ದಳು. ಆದರೆ ಆ ನಡುಕ ಹಾಸಿಗೆ ಹಿಡಿದ ಮೇಲೆ ಬಂದದ್ದು. ಈ ಮಹಡಿ ಮುಗಿದು ಆಗ ಒಂದು ವರ್ಷವಾಗಿತ್ತು.

ಅವಳು ಎದ್ದಳು. ಮೂಲೆಗೆ ಹೋಗಿ ನೆಲದ ಮೇಲೆ ಕೂತಳು. ಆ ನೆಲದ ಮೇಲೆ ಈವರೆಗೆ ಯಾರೂ ಕುಕ್ಕರಗಾಲಲ್ಲಿ ಕೂತಿರಲಿಕ್ಕಿಲ್ಲ. ಪಕ್ಕದ ಮೇಜಿನವರು ತಿನ್ನುವುದು ಬಿಟ್ಟು ನೋಡಿದರು. ಊರು ನೋಡಲು ಬಂದವರಿಗೆ ಕೊನೆಗೂ ನೋಡುವಂಥದ್ದು ಸಿಕ್ಕಿತು.

"ಅಮ್ಮಾ, ಏಳು. ಏನಿದು?" ಮಗಳ ದನಿ ಹಲ್ಲಿನ ಸಂದಿಯಿಂದ ಬಂತು.

ಗಾಜಮ್ಮ ಟವೆಲ್ ಎಳೆದು ಬಿಸಾಕಿದಳು. ಗಾಜಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ತುಂಬಿದ ಅಂಟಿನ ಗೆರೆಯ ಮೇಲೆ ಹೆಬ್ಬೆರಳು ಎಳೆದಳು. ಬಲಗಡೆಯ ಗೋಡೆಯಿಂದ ಮೂಲೆಗೆ ಬಂದಳು, ಮೂಲೆಯಿಂದ ಎಡಗಡೆಗೆ ಹೋದಳು. ಆಮೇಲೆ ಮಂಡಿಯೂರಿಕೊಂಡೇ ಆಚೆಯ ಮೇಜಿನ ಹಿಂದಿನ ಮೂಲೆಗೂ ಹೋಗಿ ಹಾಗೇ ಮುಟ್ಟಿದಳು. ಅಲ್ಲಿದ್ದ ಹೆಂಗಸು ಸೀರೆ ಎತ್ತಿಕೊಂಡಳು, ಇಲಿ ಬಂದ ಹಾಗೆ.

ಎರಡನ್ನೂ ಮುಟ್ಟಿದ ಮೇಲೆ ಅವಳಿಗೆ ಸಂಶಯ ಉಳಿಯಲಿಲ್ಲ.

ಗಂಡ ಅಂಟು ತುಂಬಿದ ಮೇಲೆ ಸೋಪಿನ ನೀರಿಗೆ ಹೆಬ್ಬೆರಳು ಅದ್ದಿ ಗೆರೆ ಸವರುತ್ತಿದ್ದ. ಗೆರೆ ನಡುವೆ ತುಸು ತಗ್ಗಾಗಿ, ಬಾಳೆಸಿಪ್ಪೆಯ ಒಳಮೈಯಂತೆ ನುಣ್ಣಗೆ ಕೂರುತ್ತಿತ್ತು. ಮೂಲೆ ಬಂದರೆ ಕೈ ಎತ್ತುತ್ತಿರಲಿಲ್ಲ. ಉಸಿರು ಹಿಡಿದು ಮೂಲೆ ತಿರುಗಿಸಿ, ಒಂದು ಗೇಣು ಆಚೆ ಹೋಗಿ ನಿಲ್ಲಿಸುತ್ತಿದ್ದ. ಎರಡು ತುದಿ ಮೂಲೆಯಲ್ಲೇ ಕೂಡಿದರೆ ಒಂದಲ್ಲ ಒಂದು ದಿನ ಬಾಯಿ ಬಿಡುತ್ತದೆ ಎಂದು ಅಂಗಡಿಯಲ್ಲಿ ನೂರು ಸಲ ಹೇಳಿದ್ದ. ಆಚೆಯ ಮೂಲೆ ಹಾಗೇ ಇತ್ತು. ಅವನದೇ ಹೆಬ್ಬೆರಳು. ಅವಳು ಅದರ ಮೇಲೆ ತನ್ನ ಬೆರಳನ್ನು ತುಸು ಹೊತ್ತು ಇಟ್ಟಿದ್ದಳು.

ಈ ಮೂಲೆಯ ಗೆರೆ ಚಪ್ಪಟೆ. ಎರಡೂ ಬದಿಗೆ ಸಣ್ಣ ಏಣು. ಚಮಚದ ಬೆನ್ನಿನಿಂದ ಎಳೆದ ಗುರುತು. ಎರಡು ತುದಿಗಳು ಮೂಲೆಯಲ್ಲೇ ಬಂದು ನಿಂತಿದ್ದವು, ಜಗಳವಾಡಿದ ದಾಯಾದಿಗಳ ಹಾಗೆ. ನಡುವೆ ಉಗುರು ಹೋಗುವಷ್ಟು ಸಂದು. ಆ ತಂಡದಲ್ಲಿ ಚಮಚ ಹಿಡಿಯುತ್ತಿದ್ದವನು ಒಬ್ಬನೇ. ಬೆರಳಿಗೆ ಅಂಟಾಗುತ್ತದೆ, ಊಟದ ಹೊತ್ತಿಗೆ ವಾಸನೆ ಬರುತ್ತದೆ ಎಂದು ನಾಜೂಕು. ಆ ಚಮಚವನ್ನು ಅವನು ಒಯ್ದದ್ದೂ ಅವಳ ಅಡುಗೆಮನೆಯಿಂದಲೇ.

ಅವಳು ಬಂದು ತನ್ನ ಕುರ್ಚಿಯಲ್ಲಿ ಕೂತಳು.

"ಇದು ನಮ್ಮನೆಯವರ ಕೆಲಸ ಅಲ್ಲ" ಎಂದಳು.

ಮಾಲೀಕ ಮುಗುಳ್ನಕ್ಕ. "ಅಮ್ಮ, ಈಗ ಅದೆಲ್ಲ ಯಾಕೆ..."

"ಆ ಮೂಲೆ ಅವರದು. ಈ ಮೂಲೆ ಅಲ್ಲ. ಎರಡಕ್ಕೂ ಬೆರಳು ಹಾಕಿ ನೋಡಿ, ಗೊತ್ತಾಗುತ್ತೆ. ಗಾಜಿನ ಕಂಪನಿ ನಡೆಸ್ತೀರಲ್ಲ, ಇಷ್ಟಾದರೂ ಗೊತ್ತಾಗಬೇಕು." ಆಮೇಲೆ ಅಳಿಯನ ಕಡೆ ತಿರುಗಿದಳು. ಮದುವೆಯಾದ ದಿನದಿಂದ ಅವನಿಗೆ 'ನೀವು' ಎನ್ನುತ್ತಿದ್ದವಳು, "ನೀನು ಹೇಳ್ತೀಯೋ, ನಾನು ಹೇಳಲೋ?" ಎಂದಳು.

ಅಳಿಯ ಹಣೆ ಒರೆಸಿಕೊಂಡ. "ಅತ್ತೆ, ಎರಡು ವರ್ಷದ ಹಿಂದಿನ ಮಾತು. ಯಾರಿಗೆ ನೆನಪಿರುತ್ತೆ?"

"ನೆನಪಿಲ್ಲದೇ ಇದ್ರೆ ಅವರ ಹೆಸರು ಹೇಗೆ ನೆನಪಾಯ್ತು?"

"ಅಮ್ಮಾ!" ಮಗಳ ಕಣ್ಣಲ್ಲಿ ನೀರು. "ಅಪ್ಪ ಹೋಗಿಬಿಟ್ರು. ಅವರಿಗೆ ಇದರಿಂದ ಏನು? ನಾವು ಬದುಕೋದು ಬೇಡ್ವಾ?"

"ಬದುಕಿ. ಅವರು ಸತ್ತಿದಾರೆ ಅಂತ ಅವರ ಬೆನ್ನ ಮೇಲೆ ಕಾಲಿಟ್ಟು ಹತ್ತಬೇಡಿ."

ಮಾಲೀಕನಿಗೆ ಈಗ ಬೇಸರ ಬಂದಿತ್ತು. ಹೆಂಡತಿ ಫೋಟೋ ತೆಗೆಯುವುದು ನಿಲ್ಲಿಸಿದ್ದಳು. "ಯಾರು ಮಾಡಿದ್ರೇನಮ್ಮ, ನಾಳೆ ಇವನೇ ಬಂದು ಸರಿ ಮಾಡ್ತಾನೆ. ಮುಗೀತಲ್ಲ. ಊಟ ಮಾಡಿ."

"ಪುಸ್ತಕ ತರಿಸಿ."

"ಯಾವ ಪುಸ್ತಕ?"

"ದೂರು ಬರೆದಿರೋ ಪುಸ್ತಕ. ಅದರಲ್ಲಿರೋದನ್ನ ಹೊಡೆದು ಹಾಕಿ, ನಿಜ ಬರೀಲಿ. ಬರೆಯೋವರೆಗೂ ನಾನು ಏಳಲ್ಲ."

ಮ್ಯಾನೇಜರ್ ಕೈಗಡಿಯಾರ ನೋಡಿದ. ಎಂಟೂವರೆಗೆ ಈ ಮೇಜು ಬೇರೆಯವರಿಗೆ. ಅವರು ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಗಂಡ, ಹೆಂಡತಿ, ಒಂದು ಹೂಗುಚ್ಛ. ತಿಂಗಳಿನಿಂದ ಕಾದವರು.

"ಅಮ್ಮ, ದಯವಿಟ್ಟು..."

"ಏಳಲ್ಲ ಅಂದೆ. ಎತ್ತಿಕೊಂಡು ಹೋಗೋದಾದ್ರೆ ಎತ್ತಿಕೊಂಡು ಹೋಗಿ. ಇಷ್ಟು ಜನ ಇದ್ದಾರೆ, ಅವರಿಗೂ ಫೋಟೋ ತೆಗೆಯೋಕೆ ಏನಾದರೂ ಬೇಕಲ್ಲ."

ಬಡಿಸುವವನು ಮುಂದಿನ ತಟ್ಟೆ ತಂದು, ಅದರ ವಂಶಾವಳಿ ಹೇಳಬೇಕೋ ಬೇಡವೋ ತಿಳಿಯದೆ ಹಾಗೇ ಇಟ್ಟು ಹೋದ. ಹೂಗುಚ್ಛದ ಹೆಂಗಸು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಮಾಲೀಕ ಅಳಿಯನನ್ನು ನೋಡಿದ, ಅಳಿಯ ಹೆಂಡತಿಯನ್ನು ನೋಡಿದ, ಅವಳು ತಟ್ಟೆಯನ್ನು ನೋಡಿದಳು. ಗಾಜಮ್ಮ ಯಾರನ್ನೂ ನೋಡಲಿಲ್ಲ.

"ನಂದೇ ಸಾರ್" ಎಂದ ಅಳಿಯ. ಹೊಸ ಅಂಗಿಯ ಕಂಕುಳು ಒದ್ದೆಯಾಗಿತ್ತು. "ಆ ಮೂಲೆ ನಾನೇ ಮಾಡಿದ್ದು. ಮಾವ ಬೇಡ ಅಂದಿದ್ರು. ಇನ್ನೊಂದು ಸಲ ಮಾಡು ಅಂದಿದ್ರು. ನಾನು ಮತ್ತೆ ಮಾಡಿದೀನಿ ಅಂತ ಅವರಿಗೆ ಹೇಳಿ..."

"ಸುಳ್ಳು ಹೇಳ್ದೆ" ಎಂದಳು ಗಾಜಮ್ಮ.

"ಹ್ಞೂ."

ಮಾಲೀಕ ಕೋಪಗೊಳ್ಳುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಅವನು ಭುಜ ಕುಣಿಸಿದ. "ಹೋಗ್ಲಿ ಬಿಡೋ. ಎಲ್ಲರ ಕೈಲೂ ಆಗುತ್ತೆ" ಎಂದು ಲೋಟ ಎತ್ತಿದ. ಗಂಡನ ತಪ್ಪಾದರೆ ಮುಪ್ಪು, ರೋಗ, ಕೈನಡುಕ. ಇವನ ತಪ್ಪಾದರೆ ಎಲ್ಲರ ಕೈಲೂ ಆಗುವಂಥದ್ದು. ಮೇಸ್ತ್ರಿ ಕೆಲಸವೂ ಎಲ್ಲೂ ಹೋಗಲಿಲ್ಲ. ಇಂಥವನ ಬಾಯಿಂದ ಒಳ್ಳೇ ಮನುಷ್ಯ ಎನ್ನಿಸಿಕೊಳ್ಳಲು ಗಂಡ ಅಷ್ಟು ವರ್ಷ ದುಡಿದನಲ್ಲ ಎಂದುಕೊಂಡಳು.

ಪುಸ್ತಕ ಬಂತು. ಮ್ಯಾನೇಜರ್ ಹಳೆಯ ಸಾಲಿನ ಮೇಲೆ ಗೆರೆ ಎಳೆದ. ಅಳಿಯ ಬರೆದು ಸಹಿ ಹಾಕಿದ. ಗಾಜಮ್ಮ ಪುಸ್ತಕವನ್ನು ಮೇಜಿನ ಮೇಲಿದ್ದ ಮೇಣದ ಬತ್ತಿಯ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ದನಿ ಎತ್ತಿ ಓದಿದಳು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಬಾಗಿಲಲ್ಲಿ ನಿಂತವರೂ ಕೇಳಿಸಿಕೊಂಡರು.

"ಹಳೇ ಮೇಸ್ತ್ರಿ ತಪ್ಪಿಲ್ಲ ಅಂತ ಬರೆದಿಲ್ಲ" ಎಂದಳು.

"ನಂದು ಅಂತ ಬರೆದ್ನಲ್ಲ ಅತ್ತೆ, ಅದರಲ್ಲೇ ಬಂತು."

"ಬರಲಿಲ್ಲ. ಬರಿ."

ಬರೆದ. ಅದನ್ನೂ ಓದಿದಳು. ಆಮೇಲೆ ಎದ್ದಳು. ತಟ್ಟೆಯಲ್ಲಿದ್ದದ್ದು ಮುಟ್ಟದೆ ಹಾಗೇ ಇತ್ತು.

ಮಗಳು ಲಿಫ್ಟಿನವರೆಗೆ ಹಿಂದೆ ಬಂದಳು. ಸಮಾಧಾನ ಮಾಡಲು ಅಲ್ಲ.

"ತೃಪ್ತಿ ಆಯ್ತಾ? ಎಲ್ಲರೆದುರಿಗೆ ಅವರ ಮಾನ ಕಳೆದೆ."

"ಇದ್ದದ್ದು ಕಳೀತು."

"ಇನ್ನು ನಮ್ಮ ಮನೆಗೆ ಬರಬೇಡ. ಬಂದರೆ ನಾನು ಬಾಗಿಲು ತೆಗೆಯಲ್ಲ."

ನಾಲ್ಕು ತಿಂಗಳಿನಿಂದ ರಾತ್ರಿಯ ಊಟ ಗಾಜಮ್ಮ ಆ ಮನೆಯಲ್ಲೇ ಮಾಡುತ್ತಿದ್ದಳು. ಒಬ್ಬಳಿಗೇ ಅಡುಗೆ ಮಾಡಿಕೊಳ್ಳುವುದು ಇನ್ನೂ ಬಂದಿರಲಿಲ್ಲ. ಅಳತೆ ಯಾವಾಗಲೂ ಇಬ್ಬರದೇ ಆಗುತ್ತಿತ್ತು.

"ಆಯ್ತು, ಬರಲ್ಲ" ಎಂದಳು.

ಲಿಫ್ಟಿನ ಬಾಗಿಲು ಮುಚ್ಚಿತು. ಕೆಳಗೆ ಬೀದಿಯಲ್ಲಿ ಎಂದಿನ ವಾಸನೆ, ಎಂದಿನ ಗದ್ದಲ. ಅವಳು ತಲೆ ಎತ್ತಿ ಮೇಲೆ ನೋಡಲಿಲ್ಲ. ಬಸ್ಸು ಬಂತು. ಕೂರಲು ಜಾಗ ಇರಲಿಲ್ಲ. ಕಂಬಿ ಹಿಡಿದು ನಿಂತು, ಮನೆಗೆ ಹೋದ ಕೂಡಲೇ ಎಷ್ಟು ಅಕ್ಕಿ ಹಾಕಬೇಕೆಂದು ಯೋಚಿಸಿದಳು. ಒಂದು ಪಾವು ಹೆಚ್ಚು. ಅರ್ಧ ಸಾಕು.