ಮೌಶಿ ನೋಡಿದ ಸಿನೆಮಾಗಳು

ಬಾಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡೇ ಮೌಶಿ ಮಾತಾಡುತ್ತಿದ್ದರು. ತುಟಿಯ ಎಡಮೂಲೆಯಲ್ಲಿ ಸೂಜಿ, ಬಲಮೂಲೆಯಿಂದ ಮಾತು. ನೋಡುವ ಹೊಸಬರ ಎದೆ ಝಲ್ಲೆನ್ನುತ್ತಿತ್ತು. ನಗು ಬಂದಾಗ ಮಾತ್ರ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿ, ಆಮೇಲೆ ಬಾಯಿತುಂಬ ನಗುತ್ತಿದ್ದರು. ಅಷ್ಟು ಹೊತ್ತಿಗೆ ನಗಿಸಿದವರಿಗೇ ತಾವು ಹೇಳಿದ್ದೇನೆಂಬುದು ಮರೆತುಹೋಗಿರುತ್ತಿತ್ತು.

ಐವತ್ತರ ದಶಕದ ನಡುವಿನ ವರ್ಷಗಳವು. ನಾನು ಧಾರವಾಡದಿಂದ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಕಾರಕೂನನಾಗಿ ಸೇರಿದ್ದೆ. ಪರೇಲಿನಲ್ಲಿ ಸಾಲಾಗಿ ಒಂಟಿಕೋಣೆಗಳಿದ್ದ ಚಾಳಿನಲ್ಲಿ ಅಣ್ಣ, ಅವನ ಹೆಂಡತಿ ವೈನಿಯರ ಜೊತೆ ವಾಸ. ಪಕ್ಕದ ಖೋಲಿಯೇ ಇವರದು. ಚಾಳಿಗೆಲ್ಲ ಅವರು ಮೌಶಿ, ಮರಾಠಿಯ ಚಿಕ್ಕಮ್ಮ. ವಿಜಾಪುರದ ಕಡೆಯವರು. ಗಂಡ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಗಳು ಎಂಟು ವರ್ಷದವಳಿದ್ದಾಗ ಕುರ್ಲಾದಲ್ಲಿ ಇನ್ನೊಬ್ಬಾಕೆಯ ಜೊತೆ ಮನೆ ಮಾಡಿದ. ಮೌಶಿಯ ಬಳಿ ಉಳಿದದ್ದು ಆ ಖೋಲಿ, ಮಗಳು ಮತ್ತು ತವರಿನಿಂದ ಬಂದ ಹೊಲಿಗೆ ಮಶೀನು. ನಾನು ಬರುವ ಹೊತ್ತಿಗೆ ಇದೆಲ್ಲ ಹಳೆಯ ಸಂಗತಿಯಾಗಿತ್ತು. ಮೌಶಿ ಆ ಬಗ್ಗೆ ಮಾತಾಡುತ್ತಿರಲಿಲ್ಲ. ಮಾತಾಡುತ್ತಿದ್ದದ್ದು ಸಿನೆಮಾಗಳ ಬಗ್ಗೆ.

ಶನಿವಾರ ಮಧ್ಯಾಹ್ನ ಮೂರರ ಆಟಕ್ಕೆ ಅವರು ತಪ್ಪದೆ ಹೋಗುತ್ತಿದ್ದರು. ಯಾವ ಸಿನೆಮಾ ಎಂದು ಕೇಳಿ ಹೋದವರಲ್ಲ. ಹತ್ತಿರದ ಥಿಯೇಟರಿನಲ್ಲಿ ಯಾವುದು ನಡೆದಿದೆಯೋ ಅದು. ನಟನಟಿಯರ ಹೆಸರೂ ಅವರಿಗೆ ಬೇಕಿರಲಿಲ್ಲ. "ಕೋಟಿನಾಂವ", "ಗಲ್ಲಕ್ಕ ಗುಳಿ ಬೀಳಾಕಿ", "ಸುಳ್ಳ ಕೆಮ್ಮೋ ಮುದುಕ", ಇಷ್ಟರಲ್ಲೇ ಕೆಲಸ ಮುಗಿಯುತ್ತಿತ್ತು. ಸಂಜೆ ಮಶೀನಿನ ಮುಂದೆ ಕೂತರೆಂದರೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುವ ನೆವದಲ್ಲಿ ಹೆಂಗಸರು ಸೇರುತ್ತಿದ್ದರು. ನಾನು ಬಾಗಿಲ ಪಕ್ಕ ಪೇಪರು ಹಿಡಿದು ಕೂತು ಕಿವಿ ಅತ್ತ ಕೊಡುತ್ತಿದ್ದೆ.

ಒಮ್ಮೆ ಒಂದು ಸಿನೆಮಾ ಬಂದಿತ್ತು. ವಿಧವೆ ತಾಯಿ ಬಟ್ಟೆ ಹೊಲಿದು ಮಗನನ್ನು ವಕೀಲನನ್ನಾಗಿ ಮಾಡುತ್ತಾಳೆ. ಊರೆಲ್ಲ ಅತ್ತು ಬಂದಿತ್ತು. ಮೌಶಿಯೂ ಅಳುತ್ತ ಬರುತ್ತಾರೆಂದು ವೈನಿ ಕಾದಿದ್ದರು.

"ಮಶೀನಿನ ಸೂಜಿ ಕೆಳಗ ಅರಿವೀನ ಇಲ್ಲ ನೋಡ್ರಿ," ಎಂದರು ಮೌಶಿ. "ಸೂಜಿಗೆ ದಾರಾ ಇಲ್ಲ. ಸುಮ್ಮನ ಕಾಲಿಲೆ ತುಳೀತಾಳ, ಕಣ್ಣೀರು ಸುರಸ್ತಾಳ. ಅಳಕೋತ ಹೊಲಿಯಾಕ ಬರತೈತೇನು? ಕಣ್ಣು ಮಂಜಾದ್ರ ಹೊಲಿಗಿ ಸೊಟ್ಟ ಹೋಗತೈತಿ. ಅಳೂದಿದ್ರ ಕೆಲಸ ಮುಗಿಸಿ ಅಳಬೇಕು."

"ಅಂದ್ರ ಸಿನೆಮಾ ಛಲೋ ಇಲ್ಲೇನು ಮೌಶಿ?" ಎಂದು ವೈನಿ ಕೇಳಿದರು.

"ಹಾಡು ಛಲೋ ಅದಾವು. ಮತ್ತ ಹತ್ತು ವರ್ಷ ಉಪವಾಸ ಇದ್ದಾಕಿ ರವಿಕಿ ಒಂದು ಎಳಿನೂ ಸಡಲ ಆಗಿಲ್ಲ. ಆಕಿ ದರ್ಜಿ ಯಾರು ಅಂತ ಕೇಳಬೇಕನಸ್ತು."

ಹಾಗೆಂದು ಎಲ್ಲದರಲ್ಲೂ ತಪ್ಪು ಹುಡುಕುವವರಲ್ಲ. ಯಾರೂ ಮಾತಾಡದ ಒಂದು ಸಿನೆಮಾ ಅವರಿಗೆ ಬಹಳ ಹಿಡಿಸಿತ್ತು. ಅದರಲ್ಲಿ ಮಗ ಸತ್ತ ಸುದ್ದಿ ಹಳ್ಳಿಯ ಮುದುಕನಿಗೆ ಬರುತ್ತದೆ. "ಅಂವಾ ಅಳಲಿಲ್ಲ," ಎಂದು ಮೌಶಿ ಹೇಳಿದರು. "ಎದ್ದು ಎಮ್ಮಿಗೆ ನೀರಿಡಾಕ ಹೋದ. ಎಮ್ಮಿ ಕುಡದು ಮುಗಿಸೂತನಾ ಹಂಗ ನಿಂತಿದ್ದ. ಅಲ್ಲೆ ನನಗ ತಡಕೊಳ್ಳಾಕ ಆಗಲಿಲ್ಲ." ಅವತ್ತು ಮಶೀನು ಸ್ವಲ್ಪ ಹೊತ್ತು ನಿಂತೇ ಇತ್ತು.

ಆ ಕಾಲದಲ್ಲಿ ಮಾಟುಂಗಾದಿಂದ ಒಂದು ಕನ್ನಡ ವಾರಪತ್ರಿಕೆ ಹೊರಡುತ್ತಿತ್ತು. ಸಂಪಾದಕರು ಉಡುಪಿಯ ಕಡೆಯವರು. ಒಂದು ಹೋಟೆಲಿನ ಹಿಂದಿನ ಖೋಲಿಯೇ ಅವರ ಕಚೇರಿ. ಬರೆಯುವ ಹುಚ್ಚು ಹತ್ತಿದ್ದ ನನಗೆ ಅವರು ಸಿನೆಮಾ ಪುಟ ಕೊಟ್ಟಿದ್ದರು. ನಾನು ಇಂಗ್ಲಿಷ್ ಪತ್ರಿಕೆಗಳನ್ನು ಓದಿ, "ಛಾಯಾಗ್ರಹಣ ಮನೋಜ್ಞ, ಸಂಕಲನ ಶಿಥಿಲ" ಎಂದು ಬರೆಯುತ್ತಿದ್ದೆ. ಯಾರೂ ಓದುತ್ತಿರಲಿಲ್ಲ. ಹೊಲಿಗೆಯ ತಾಯಿಯ ಸಿನೆಮಾ ಬಂದ ವಾರ ನನಗೆ ಬರೆಯಲು ಏನೂ ತೋಚದೆ, ಮೌಶಿ ಹೇಳಿದ್ದನ್ನೇ ಗ್ರಾಂಥಿಕ ಭಾಷೆಗೆ ತಿರುಗಿಸಿ ಕೊಟ್ಟೆ. ಕೆಳಗೆ ನನ್ನ ಹೆಸರಿತ್ತು. ಮುಂದಿನ ವಾರ ಓದುಗರ ಪತ್ರಗಳು ಬಂದವು. "ನಿನಗೆ ಕಣ್ಣು ಬಿಟ್ಟಿತು ಮಾರಾಯ," ಎಂದು ಸಂಪಾದಕರು ನನಗೆ ಕಾಫಿ ತರಿಸಿದರು.

ಅಲ್ಲಿಂದ ಎರಡು ವರ್ಷ ನಾನು ಅವರ ಮಾತನ್ನೇ ಬರೆದೆ. ಶನಿವಾರ ಸಂಜೆ ಕೇಳುವುದು, ಭಾನುವಾರ ಬರೆಯುವುದು. ಕದಿಯುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನಿಸುತ್ತಿತ್ತು. ಆದರೆ ಮೌಶಿಗೆ ಓದಲು ಬರುತ್ತಿರಲಿಲ್ಲ. ಅವರಿಗೆ ತಿಳಿಯುವುದಿಲ್ಲವೆಂದು ಸುಮ್ಮನಿದ್ದೆ. ಅವರ ಮಗಳಿಗೆ ಓದಲು ಬರುತ್ತಿತ್ತೆಂಬುದು ನನ್ನ ತಲೆಗೆ ಹೋಗಲಿಲ್ಲ.

ಆಗ ಒಂದು ಸಿನೆಮಾ ಬಂತು. ಹೆಂಡತಿಯನ್ನು ಬಿಟ್ಟು ನರ್ತಕಿಯ ಹಿಂದೆ ಹೋದ ಗಂಡ ಹನ್ನೆರಡು ವರ್ಷದ ನಂತರ ಎಲ್ಲ ಕಳೆದುಕೊಂಡು ಮರಳುತ್ತಾನೆ. ಹೆಂಡತಿ ಅವನ ಕಾಲಿಗೆ ಬೀಳುತ್ತಾಳೆ. ಗುಡಿಯ ಗಂಟೆ ತಾನಾಗಿ ಮೊಳಗುತ್ತದೆ. ಆ ಶನಿವಾರ ಹೆಂಗಸರೆಲ್ಲ ಮೌಶಿಯ ಮಾತಿಗೆ ಕಾದಿದ್ದರು. ಅವರು ಒಂದು ತೋಳು ಹೊಲಿದು ಮುಗಿಸಿದರು. ಕೊನೆಗೆ, "ಕಾಲಿಗೆ ಬೀಳಬಾರದಿತ್ತು ಆಕಿ," ಎಂದರು. "ಅಂವಾ ಕೆಟ್ಟಾಂವ ಅಂತಲ್ಲ. ಹನ್ನೆರಡು ವರ್ಷ ಒಬ್ಬಾಕಿನ ಇದ್ದು ಏನೇನೋ ಕಲತಾಳ. ಅದನ್ನೆಲ್ಲ ಎಲ್ಲಿಡಬೇಕು ಆಕಿ?"

ಇದನ್ನು ಹೇಗೆ ಬರೆಯುವುದು? ಓದುಗರು ಸಿಟ್ಟಾಗುತ್ತಾರೆಂದು ಹೆದರಿದೆ. ಸಿನೆಮಾ ಚೆನ್ನಾಗಿ ಓಡುತ್ತಿತ್ತು, ಎಲ್ಲರೂ ಹೊಗಳುತ್ತಿದ್ದರು. ನಾನೂ ಹೊಗಳಿದೆ. ಕೊನೆಗೆ ಮೆರುಗಿಗೆಂದು ಒಂದು ವಾಕ್ಯ ಸೇರಿಸಿದೆ: "ನಮ್ಮ ಚಾಳಿನಲ್ಲಿ ಹೊಲಿಗೆ ಮಾಡಿ ಬದುಕುವ ಪ್ರೇಕ್ಷಕಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ, ಗಂಡನ ಪಾದವೇ ಹೆಣ್ಣಿನ ಕೊನೆಯ ನಿಲ್ದಾಣ ಎಂದರು." ಎರಡು ವರ್ಷದಲ್ಲಿ ಬರಹದೊಳಗೆ ಅವರನ್ನು ನಾನು ನೆನೆದದ್ದು ಅದೇ ಮೊದಲು. ಅದೂ ಸುಳ್ಳು.

ಪತ್ರಿಕೆ ಬಂದ ದಿನ ಬೆಳಿಗ್ಗೆ ಅವರ ಮಗಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಆಗ ಅವಳಿಗೆ ಹದಿನಾಲ್ಕು. ಕಣ್ಣು ಕೆಂಪಗಿದ್ದವು. "ಅಣ್ಣಾ, ಅವ್ವ ಕರಿಯಾಕತ್ತಾಳ," ಎಂದಳು. ಕೈಯಲ್ಲಿ ಪತ್ರಿಕೆ ಇತ್ತು.

ಹೋದೆ. ಮೌಶಿ ಮಶೀನಿನ ಮುಂದೆ ಸುಮ್ಮನೆ ಕೂತಿದ್ದರು. "ಇನ್ನೊಮ್ಮೆ ಓದು," ಎಂದು ಮಗಳಿಗೆ ಹೇಳಿದರು. ಅವಳು ಓದಿದಳು. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು ನಿಲ್ಲಿಸಿದಳು.

"ನಾ ಹಿಂಗ ಅಂದೆನೇನು ತಮ್ಮಾ?"

"ಇಲ್ಲ ಮೌಶಿ."

"ನನ್ನ ಮಾತು ನೀ ಬರೀತಿ ಅಂತ ಇಕಿ ಹಿಂದನ ಹೇಳಿದ್ಲು. ಬರೀಲಿ ಬಿಡು ಅಂದೆ. ನಾಕು ಮಂದಿ ಓದ್ತಾರಂತ, ಆತು. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಇದು ನನ್ನ ಮಾತಲ್ಲ."

"ತಪ್ಪಾತು ಮೌಶಿ."

"ನಿನಗ ಗೊತ್ತಿಲ್ಲ. ಇಕಿ ಅಪ್ಪ ಹದಿನೈದು ದಿನದಿಂದ ಹೇಳಿ ಕಳಸಾಕತ್ತಾರ. ಕುರ್ಲಾದಾಕಿ ತೀರಿಕೊಂಡಾಳ. ಬರ್ರಿ, ಕೂಡಿ ಇರೂನು ಅಂತಾರ. ನಾ ಇವಳಿಗೆ ಇನ್ನೂ ಏನೂ ಹೇಳಿರಲಿಲ್ಲ. ಇವತ್ತ ಇದನ್ನ ಓದಿ ಬಂದು ಕೇಳ್ತಾಳ: ಅವ್ವಾ, ಹಂಗಾದ್ರ ನಾವು ಅಪ್ಪನ ಕಡೆ ಹೋಗೂನೇನು ಅಂತ. ಸಾಮಾನು ಕಟ್ಟಾಕ ಟ್ರಂಕು ಸೈತ ಎಳದಿದ್ಲು."

ಮೂಲೆಯಲ್ಲಿ ಟ್ರಂಕು ಬಾಯಿ ತೆರೆದಿತ್ತು. ಹುಡುಗಿಯ ಪುಸ್ತಕಗಳು ಅದರಲ್ಲಿದ್ದವು. ನಾನು ಆ ಟ್ರಂಕನ್ನು ನೋಡಿದೆ, ಆಮೇಲೆ ನೆಲ ನೋಡಿದೆ. ಒಂದು ವಾಕ್ಯ ಚಂದ ಕಾಣಲೆಂದು ನಾನು ಮಾಡಿದ್ದು ಅಷ್ಟು.

"ನೀ ಏನ ಬರದಿಯೋ ಬರಿ. ನನ್ನ ಹೆಸರೀಲೆ ಸುಳ್ಳ ಬರೀಬ್ಯಾಡ," ಎಂದರು ಮೌಶಿ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಅವತ್ತೇ ಮಾಟುಂಗಾಕ್ಕೆ ಹೋದೆ. ತಿದ್ದುಪಡಿ ಬರೆದು ಸಂಪಾದಕರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಎಂತ ಮಾರಾಯ ಇದು? ಸಿನೆಮಾ ಪುಟದಲ್ಲಿ ಯಾರಾದ್ರೂ ಕ್ಷಮೆ ಕೇಳ್ತಾರಾ? ಎರಡು ವರ್ಷದಿಂದ ಬಂದದ್ದೆಲ್ಲ ಆ ಹೆಂಗಸು ಹೇಳಿದ್ದಾ?"

"ಒಳ್ಳೆಯದೆಲ್ಲ ಅವರದು."

"ಹಾಗಾದ್ರೆ ಅವರಿಗೇ ಬರೀಲಿಕ್ಕೆ ಹೇಳು."

"ಅವರಿಗೆ ಬರೆಯಲು ಬರೋದಿಲ್ಲ."

"ನಿನಗೆ ಬರ್ತದಾ?"

ಕೇಳಿದವರೇ ಅವರು ಹಾಳೆಯನ್ನು ಅಚ್ಚಿಗೆ ಹೋಗುವ ಕಟ್ಟಿಗೆ ಸೇರಿಸಿದರು. ಮುಂದಿನ ವಾರ ಅದು ಸಣ್ಣ ಅಕ್ಷರದಲ್ಲಿ ಪುಟದ ಕೊನೆಗೆ ಬಂತು. ಮೌಶಿ ಏನು ಹೇಳಿದ್ದರೋ ಅದನ್ನೇ ಅವರದೇ ಮಾತಿನಲ್ಲಿ ಹಾಕಿದ್ದೆ. ಇಷ್ಟು ದಿನ ಈ ಪುಟದಲ್ಲಿ ಬಂದ ಅಭಿಪ್ರಾಯಗಳೂ ಅವರವೇ ಎಂದೂ ಹಾಕಿದ್ದೆ. ಹೆಸರು ಬೇಡವೆಂದು ಅವರೇ ಹೇಳಿದ್ದರು: "ಹೆಸರು ಹಾಕಿದ್ರ ಮಂದಿ ನನ್ನ ನೋಡಾಕ ಬರ್ತಾರ. ಸಿನೆಮಾ ನೋಡಾಕ ಹೋಗಲಿ." ಸಂಸಾರ ಒಡೆಯುವ ಮಾತೆಂದು ಬೈದು ಪತ್ರಗಳು ಬಂದವು. ಕಲ್ಯಾಣದಿಂದ ಒಬ್ಬ ಹೆಣ್ಣುಮಗಳು ಒಂದು ಕಾರ್ಡು ಬರೆದಿದ್ದಳು. ಅದರಲ್ಲಿ "ಆ ತಾಯಿಗೆ ನಮಸ್ಕಾರ ಹೇಳಿರಿ" ಎಂದಷ್ಟೇ ಇತ್ತು. ಮೌಶಿ ಆ ಕಾರ್ಡನ್ನು ಮಗಳಿಂದ ಎರಡು ಸಲ ಓದಿಸಿಕೊಂಡರು.

ಅದೇ ತಿಂಗಳು ಒಂದು ಭಾನುವಾರ ಗಂಡ ತಾನೇ ಬಂದ. ಮಿಲ್ಲಿನ ಕೆಲಸಕ್ಕೆ ಬಾಗಿದ ಬೆನ್ನು, ಹರಿದ ಕಾಲರು. ಗ್ಯಾಲರಿಯಲ್ಲಿ ಹೆಂಗಸರು ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದರು. ನಾನೂ ನಮ್ಮ ಬಾಗಿಲಲ್ಲೇ ಇದ್ದೆ. ಚಾಳಿನಲ್ಲಿ ಬಾಗಿಲು ಹಾಕುವ ರೂಢಿ ಇರಲಿಲ್ಲ, ಮೌಶಿ ಅವತ್ತೂ ಹಾಕಲಿಲ್ಲ. ಚಹಾ ಕೊಟ್ಟರು. ಆತ ಬಸಿ ಕೆಳಗಿಟ್ಟು, "ನಡಿ ಇನ್ನ. ಆಗಿದ್ದು ಆಗಿಹೋತು," ಎಂದ.

"ಮಗಳ್ನ ನೋಡಾಕ ಯಾವಾಗ ಬೇಕಾದ್ರೂ ಬರ್ರಿ," ಎಂದರು ಮೌಶಿ. "ಊಟಕ್ಕೂ ಬರ್ರಿ. ಆಕಿಗೆ ಅಪ್ಪ ಬೇಕು. ನಾ ಮಾತ್ರ ಬರೂದಿಲ್ಲ."

"ನನ್ನ ಮ್ಯಾಲೆ ಇಷ್ಟ ಸಿಟ್ಟೇನು?"

"ಸಿಟ್ಟಿದ್ರ ಬಂದುಬಿಡತಿದ್ದೆ, ದಿನಾ ಜಗಳಾಡಾಕ. ಸಿಟ್ಟು ಹೋಗಿ ಭಾಳ ದಿನಾ ಆತು."

ಮೌಶಿ ಎದ್ದು ಅಳತೆಯ ಟೇಪು ತಂದರು. "ಎದ್ದು ನಿಲ್ರಿ. ಈ ಅಂಗಿ ಮುಂದಿನ ವಾರದ ತನಕ ತಡಿಯೂದಿಲ್ಲ," ಎಂದು ಭುಜದ ಅಳತೆ ತೆಗೆದುಕೊಂಡರು. ಬೇರೆ ಯಾರ ಅಳತೆ ತೆಗೆಯುವಾಗಲೂ ಹೀಗೇ ಇರುತ್ತಿದ್ದರು, ಮುಖದಲ್ಲಿ ಬರೀ ಕೆಲಸದ ಗಮನ. ಹೋಗುವಾಗ ಮಗಳು ಅಪ್ಪನನ್ನು ಸ್ಟೇಶನ್ನಿನ ತನಕ ಬಿಟ್ಟುಬಂದಳು. ಬಂದವಳು ತಾಯಿಯ ಪಕ್ಕದಲ್ಲಿ ಕೂತು ಬಹಳ ಹೊತ್ತು ಅತ್ತಳು. ಮೌಶಿ ಅವಳ ಜಡೆ ಬಿಚ್ಚಿ ಮತ್ತೆ ಹೆಣೆದರು. ಕೆಲವು ದಿನಗಳ ನಂತರ ಟ್ರಂಕಿನೊಳಗಿನ ಪುಸ್ತಕಗಳು ಗೂಡಿಗೆ ಮರಳಿದ್ದವು. ಗಂಡ ತಿಂಗಳಿಗೊಮ್ಮೆ ಬಂದು ಉಂಡು ಹೋಗುವುದು ರೂಢಿಯಾಯಿತು.

ನನ್ನ ನಿಜವಾದ ಕಲಿಕೆ ಶುರುವಾದದ್ದು ಆಮೇಲೆ. ಬರೆದದ್ದನ್ನು ಕಳಿಸುವ ಮೊದಲು ಮೌಶಿಗೆ ಓದಿ ಹೇಳಬೇಕೆಂದು ಕರಾರಾಯಿತು. "ಹೃದಯವಿದ್ರಾವಕ" ಎಂದು ಓದಿದರೆ, "ಹಂಗಂದ್ರೇನು?" ಎನ್ನುತ್ತಿದ್ದರು. ಹೇಳಿದರೆ, "ಹಂಗ ಬರಿ ಮತ್ತ," ಎನ್ನುತ್ತಿದ್ದರು. ನಾನು ಸಿನೆಮಾ ನೋಡಿ ಬಂದು ಕತೆ ಹೇಳತೊಡಗಿದರೆ ನಡುವೆ ತಡೆದು ಕೇಳುವರು: "ಅದನ್ನ ನೀ ನೋಡಿದಿಯೊ, ಯಾರರ ಹೇಳಿದ್ರೊ?" ಎಷ್ಟೋ ಸಲ ನಾನು ನೋಡಿರುತ್ತಿರಲಿಲ್ಲ. ಮತ್ತೆ ಹೋಗಿ ನೋಡಿ ಬರುತ್ತಿದ್ದೆ. ಇವತ್ತಿನವರೆಗೂ ಒಂದು ಪುಟ ಬರೆದ ಮೇಲೆ ಆ ಪ್ರಶ್ನೆ ನನಗೆ ಕೇಳಿಸುತ್ತದೆ. ನಾಲ್ಕು ದಶಕ ಬರೆದು ಗಳಿಸಿದ ಹೆಸರೇನಾದರೂ ಇದ್ದರೆ ಅದು ಆ ಖೋಲಿಯಲ್ಲಿ ಕಲಿತ ಪಾಠದಿಂದ.

ಐದಾರು ವರ್ಷದ ನಂತರ ಮಗಳು ಶಾಲೆಯಲ್ಲಿ ಶಿಕ್ಷಕಿಯಾದಳು. ಬೊರಿವಲಿಯಲ್ಲಿ ಬಾಡಿಗೆಯ ಮನೆ ಸಿಕ್ಕಿತು. ಮೌಶಿ ಅಲ್ಲಿಗೆ ಹೋದ ಮೇಲೆ ಎದೆನೋವು ಹತ್ತಿತು. ಮೂರರ ಆಟ ನಿಂತಿತು. ನಾನು ತಿಂಗಳಿಗೊಮ್ಮೆ ಹೋಗಿ ಹೊಸ ಸಿನೆಮಾಗಳ ಕತೆ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ನಾನು ಓಡಿದೆ. ಮಗಳು ನನ್ನ ಕೈ ಹಿಡಿದು, "ಈ ಸಲ ನೀವು ಯಾಕ ಬಂದಿಲ್ಲಂತ ಅವ್ವ ಕೇಳಿದ್ಲು ಅಣ್ಣಾ," ಎಂದಳು. ಮೂಲೆಯಲ್ಲಿ ಅವಳ ಅಪ್ಪ ಗೋಡೆಗೆ ಒರಗಿ ಕೂತಿದ್ದ.

ಎಲ್ಲ ಮುಗಿಸಿ ಮರುದಿನ ಲೋಕಲ್ ರೈಲಿನಲ್ಲಿ ಮರಳುತ್ತಿದ್ದೆ. ಎದುರಿಗೆ ಕೂತ ಹಿರಿಯರೊಬ್ಬರು ನನ್ನ ಕೈಯ ಕನ್ನಡ ಪುಸ್ತಕ ನೋಡಿ ಮಾತಿಗೆಳೆದರು. ಬೆಳಗಾವಿಯವರು, ಬಟ್ಟೆಯ ವ್ಯಾಪಾರಿ. ಮಾತು ಬೆಳೆದು, ಆ ವಾರಪತ್ರಿಕೆಯ ಸಿನೆಮಾ ಪುಟ ಬರೆಯುವವನು ನಾನೇ ಎಂದು ತಿಳಿದಾಗ ಅವರ ಮುಖ ಅರಳಿತು.

"ಹೌದೇನ್ರಿ! ನಾನು ತಪ್ಪದ ಓದಾಂವ. ಅದರಾಗ ಒಬ್ಬಾಕಿ ಹೊಲಿಗಿಯಾಕಿ ಏನ ಮಾತು ಹೇಳಿದ್ಲರಿ! ಗಂಡನ ಪಾದವೇ ಹೆಣ್ಣಿನ ಕೊನೆಯ ನಿಲ್ದಾಣ. ನನ್ನ ಮಗಳ ಮದುವಿಯೊಳಗ ನಾ ಅದನ್ನ ಎಲ್ಲಾರಿಗೂ ಹೇಳೀನಿ."

"ಅದು ಅವರು ಹೇಳಿದ್ದಲ್ಲ," ಎಂದೆ. "ನಾನು ಬರೆದ ಸುಳ್ಳು. ಮುಂದಿನ ವಾರ ತಿದ್ದುಪಡಿ ಹಾಕಿದ್ದೆ."

ಅವರು ತಿದ್ದುಪಡಿ ನೋಡಿರಲಿಲ್ಲ. ನಂಬದವರಂತೆ ನನ್ನನ್ನು ನೋಡಿದರು. ನಾನು ಮೊದಲಿನಿಂದ ಹೇಳತೊಡಗಿದೆ: ಮೌಶಿ ಯಾರು, ಆ ಶನಿವಾರ ಏನು ನೋಡಿದರು, ಏನು ಅಂದರು. ಬಾಂದ್ರಾ ಬಂತು. ಅವರು ಇಳಿಯಬೇಕಿತ್ತು, ಎದ್ದರು. ನನ್ನ ಸ್ಟೇಶನ್ನು ಇನ್ನೂ ಮುಂದಿತ್ತು. ಆದರೆ ಹೇಳುವುದು ಮುಗಿದಿರಲಿಲ್ಲ. ಅವರ ಹಿಂದೆ ನಾನೂ ಇಳಿದೆ.