ಕೊಂಡಿಗೆ ಹಾಕಿದ ಬೀಗ

ಕ್ಲಾಟೆನ್ ಊರಿನ ನಮ್ಮ ಪುಟ್ಟ ರೇಡಿಯೊ ಕೇಂದ್ರದಲ್ಲಿ ಧ್ವನಿಮುದ್ರಣಗಳನ್ನು ನೋಡಿಕೊಳ್ಳುವ ವೆನಿಂಗ್ ಇಲ್ಲದಿದ್ದರೆ ಹಳೆಯ ದನಿಗಳೆಲ್ಲ ಎಂದೋ ಮಣ್ಣುಪಾಲಾಗುತ್ತಿದ್ದವು. ನಾವೆಲ್ಲ ಅವರನ್ನು ತಾಯಿಯ ಮರ್ಯಾದೆ ಕೊಟ್ಟು 'ಬು' ಎಂದೇ ಕರೆಯುವುದು. ಟೇಪಿನ ಸುರುಳಿಗಳ ಬೂಷ್ಟು ಒರೆಸುತ್ತಲೇ ತಲೆ ನರೆತ ಹೆಂಗಸು. ಟೇಪು ಹೋಗಿ ಕಂಪ್ಯೂಟರ್ ಬಂದಾಗ ಮೂಲೆ ಹಿಡಿಯಲಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡುವುದನ್ನು ಹಟ ಹಿಡಿದು ಕಲಿತರು.

ನೆರಳುಗೊಂಬೆ ಆಡಿಸುತ್ತಿದ್ದ ಕಿ ದಾರ್ಮೊ ತೀರಿಕೊಂಡ ಮೇಲೆ ಅವರ ಆಟದ ಒಂದೇ ಒಂದು ಧ್ವನಿಮುದ್ರಣ ಉಳಿದಿತ್ತು. ಅದನ್ನು ಬು ಕೈಗೆ ಕೊಡುವಾಗ ಹೆಂಡತಿ ಲಾಸಿಯೆಮ್ ಅಜ್ಜಿ ಹೇಳಿದ್ದಿಷ್ಟೇ: "ಎಲ್ರೂ ಕೇಳ್ಲಿ ಕಣಮ್ಮ. ಆದ್ರೆ ಯಾರೂ ಕತ್ತರಿ ಹಾಕ್ಬಾರ್ದು."

ದಾರ್ಮೊ ತೀರಿಕೊಂಡ ಸಾವಿರನೆಯ ದಿನದ ಸ್ಮರಣೆಯ ಸಂಜೆ ಅದರ ಪ್ರಸಾರ. ಅಜ್ಜಿಯ ಅಂಗಳದಲ್ಲಿ ನೆಂಟರಿಷ್ಟರು ಚಾಪೆ ಹಾಸಿ, ಆಪೆಮ್ ಎಂಬ ಅಕ್ಕಿಯ ಸಿಹಿ ಹಂಚಿಕೊಂಡು, ರೇಡಿಯೊಗೆ ಕಿವಿಗೊಟ್ಟು ಕೂತಿದ್ದರು. ನಿರೂಪಕನಾದ ನಾನು ಗುಂಡಿ ಒತ್ತಿದೆ. 'ಅನುಮತಿ ಇಲ್ಲ' ಎಂದಿತು ಪರದೆ.

ತರಾತುರಿಯಲ್ಲಿ ಒಂದು ಗಮೆಲಾನ್ ವಾದನ ಹಾಕಿ, "ಬು! ಏನ್ ಮಾಡಿದ್ರಿ?" ಎಂದು ಕೂಗಿದೆ.

"ಕಾಪಾಡೋಕೆ ಹೋದೆ ಕಣೋ! ಮಧ್ಯಾಹ್ನ ನೋಡಿದ್ರೆ, ಇದನ್ನ ಎಲ್ರೂ ತಿದ್ದಬಹುದು ಅಂತ ತೋರಿಸ್ತು. ಎದೆ ಧಸಕ್ಕಂತು. ಆ ಅನುಮತಿ ತೆಗೆದೆ, ಮತ್ತೂ ಹಾಗೇ ತೋರಿಸ್ತು. ಎಲ್ಲಾ ಅನುಮತೀನೂ ಕಿತ್ತುಹಾಕ್ದೆ. ಈಗ್ಲೂ ಬಾಗ್ಲು ತೆಗ್ದೇ ಇದೆ ಅನ್ನುತ್ತಲ್ಲೋ!"

"ಎಂಥಾ ಕಾವಲು ಬು! ನಂಗೇ ಸಿಗ್ತಿಲ್ಲ."

ಅವರು ನಗಲಿಲ್ಲ. ಪರದೆಯನ್ನೇ ದಿಟ್ಟಿಸಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ, ಇದು ಬರೀ ಕೊಂಡಿ, ಅಸಲಿಗೆ ದಾರಿ ತೋರಿಸೋ ಹೆಸರು ಅಷ್ಟೇ! ಅಸಲು ಇರೋದು ಉಗ್ರಾಣದ ಫೋಲ್ಡರಲ್ಲಿ. ಕೊಂಡಿ ಯಾವಾಗ್ಲೂ ತೆರೆದಿರೋ ಹಾಗೇ ಕಾಣುತ್ತೆ. ನಾನು ಇಲ್ಲಿ ಹಾಕಿದ ಬೀಗ ಎಲ್ಲಾ ಅಸಲಿಗೇ ಬಿದ್ದಿದೆ."

ಅದೇ ಕೊಂಡಿಯ ಹೆಸರಿಗೆ ಇನ್ನೊಂದು ಆಜ್ಞೆ ಕೊಟ್ಟರು: ಎಲ್ಲರಿಗೂ ಓದುವ, ಅಂದರೆ ಕೇಳುವ, ಅನುಮತಿ, ಯಾರಿಗೂ ತಿದ್ದುವ ಅನುಮತಿ ಇಲ್ಲ. ಅಜ್ಜಿಯ ಮಾತು ಅಕ್ಷರಶಃ ಪಾಲನೆಯಾಯಿತು. ನಾನು ಮತ್ತೆ ಗುಂಡಿ ಒತ್ತಿದೆ; ದಾರ್ಮೊ ಅವರ ದನಿ ಮೊಳಗಿತು.

ಮಾರನೆಯ ಬೆಳಿಗ್ಗೆ ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ತಡವಾದ ತಪ್ಪನ್ನು ಕರೆಂಟಿನ ಮೇಲೆ ಹಾಕಿಬಿಡೋಣ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಬು ಒಪ್ಪಲಿಲ್ಲ. ಹೊಸಿಲು ದಾಟುವ ಮೊದಲೇ, "ತಡ ಆಗಿದ್ದು ನನ್ನಿಂದ ಅಜ್ಜಿ, ನನ್ನದೇ ತಪ್ಪು" ಎಂದರು. ಇಂಥವರ ಜೊತೆ ಕೆಲಸ ಮಾಡುತ್ತೇನೆಂದು ಆಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಅಜ್ಜಿ ಬು ಕೈ ಹಿಡಿದುಕೊಂಡಳು. "ಬಿಡಮ್ಮ. ನಮ್ಮನೆಯವ್ರು ಯಾವತ್ತಾದ್ರೂ ಹೊತ್ತಿಗೆ ಸರಿಯಾಗಿ ಆಟ ಶುರು ಮಾಡಿದ್ದುಂಟಾ? ನಿನ್ನೆ ತಡ ಆದಾಗ್ಲೇ ನೆಂಟ್ರಿಗೆ ಅಂದೆ, ಇವತ್ತು ಖಂಡಿತ ಅವ್ರೇ ಬಂದಿದಾರೆ ಅಂತ."