ಬೆಳಕಿಗೆ ಹಿಡಿ ಅನ್ನುತ್ತಿದ್ದ ಕಾಕಾ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಹಾಗಿರಲಿಲ್ಲ. ಚಮಚದ ತುದಿಯಂತೆ ಅಗಲ, ಚಪ್ಪಟೆ, ನಟ್ಟನಡುವೆ ಒಂದು ಸಣ್ಣ ಗೀರು. ಆ ಉಗುರನ್ನು ನೇಯ್ದ ಬಟ್ಟೆಯ ಮೇಲೆ ಒತ್ತಿ ಎಳೆದರೆ ಸಡಿಲ ನೇಯ್ಗೆಯ ಎಳೆಗಳು ಪಕ್ಕಕ್ಕೆ ಸರಿದುಬಿಡುತ್ತಿದ್ದವು. ಬಿಗಿ ನೇಯ್ಗೆ ಅಲ್ಲಾಡುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ಎಳೆದೂ ಎಳೆದೂ ಬಟ್ಟೆಯೇ ಆ ಉಗುರಿನಲ್ಲಿ ತನ್ನ ಗುರುತು ಕೊರೆದುಬಿಟ್ಟಿತ್ತು.

ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ರಕ್ತಸಂಬಂಧದ ಕಾಕಾ ಅಲ್ಲ. ಹುಟ್ಟಿದ್ದು ನೂಲ ಎಂಬ ಊರಲ್ಲಿ, ಕಲಿತದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ಮಗ್ಗದ ಊರಿಗೆ ಬಂದು ಮೊದಲು ನೇಯ್ದರು. ಆಮೇಲೆ ನಮ್ಮಪ್ಪ ನೇಯುತ್ತಿದ್ದ ಕಾರಖಾನೆಯಲ್ಲೇ ಬಟ್ಟೆ ತಪಾಸಣೆಗೆ ನಿಂತರು. ಒಂದು ಗಾಜಿನ ಮೇಜು, ಅದರ ಕೆಳಗೆ ಟ್ಯೂಬ್‌ಲೈಟು. ಮಗ್ಗದಿಂದ ಇಳಿದ ಇಡೀ ಥಾನು, ನಮ್ಮವರ ಬಾಯಲ್ಲಿ ತಾಗಾ, ಆ ಗಾಜಿನ ಮೇಲೆ ಸರಿಯುತ್ತ ಹೋಗಬೇಕು. ಕಾಕಾ ಅದರಲ್ಲಿ ತಪ್ಪು ಹುಡುಕಬೇಕು. ಸಿಕ್ಕದಿದ್ದರೆ ಮೂಲೆಯಲ್ಲಿ ನೀಲಿ ಚಾಕ್‌ಪೀಸಿನಿಂದ ಕನ್ನಡದ ಒಂದು ‘ಸ’. ಮಾಲಕರು ಮರಾಠಿಯವರು, ಮಾಲು ಹೋಗುವುದು ಎಲ್ಲಿಗೋ ದೂರದ ಬಣ್ಣದ ಕಾರಖಾನೆಗೆ, ಗುರುತು ಮಾತ್ರ ಕನ್ನಡದ್ದು. ಯಾರಾದರೂ ಕೇಳಿದರೆ, “ಸರಿ ಅನ್ನೂದು ನನಗ ಕನ್ನಡದಾಗs ಬರತೈತ್ರಿ” ಅನ್ನುತ್ತಿದ್ದರು.

ನಾನು ಹೋಗುತ್ತಿದ್ದದ್ದು ಮರಾಠಿ ಶಾಲೆಗೆ. ಅಪ್ಪನಿಗೆ ಬುತ್ತಿ ಒಯ್ದಾಗ ಕಾಕಾ ನನ್ನನ್ನು ಮೇಜಿನ ಪಕ್ಕ ನಿಲ್ಲಿಸಿಕೊಂಡು, ಫೇಲಾದ ಬಟ್ಟೆಯ ತುಂಡಿನ ಮೇಲೆ ಅದೇ ನೀಲಿ ಚಾಕ್‌ಪೀಸಿನಿಂದ ಕನ್ನಡ ಬರೆಸುತ್ತಿದ್ದರು. ಕೆಳಗಿನ ಬೆಳಕಿನಲ್ಲಿ ಅಕ್ಷರ ಹೊಳೆಯುತ್ತಿತ್ತು. ಎಲ್ಲರೂ ‘ಅ’ದಿಂದ ಶುರು ಮಾಡುತ್ತಾರೆ, ನಾನು ‘ಸ’ದಿಂದ ಶುರು ಮಾಡಿದವಳು.

ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ಬೆಳಕಿಗೆ ಹಿಡಿ.” ಹಾಲಿನ ಬಾಟಲಿ, ಮಾರಲು ಬಂದವಳ ಕೋಳಿಮೊಟ್ಟೆ, ಔಷಧದ ಗುಳಿಗೆ, ಏನೇ ಇರಲಿ, ಮೊದಲು ಬೆಳಕಿಗೆ ಹಿಡಿಯಬೇಕು. ಗಡಹಿಂಗ್ಲಜದಿಂದ ನನ್ನನ್ನು ನೋಡಲು ವರ ಬಂದಾಗ ಗೋಡೆಯ ಆಚೆಯಿಂದ ಕೂಗಿದ್ದರು: “ಹುಡುಗನ್ನ ಬೆಳಕಿಗೆ ಹಿಡದು ನೋಡೀರಿಲ್ಲೊ?” ವರನಿಗೂ ಕೇಳಿಸಿತು. ಈಗಲೂ ನನ್ನ ಗಂಡ ಕಿಟಕಿಯ ಬಳಿ ನಿಂತರೆ ಆ ಮಾತನ್ನು ತಾನೇ ಹೇಳಿಕೊಂಡು ನಗುತ್ತಾನೆ.

ಆದರೆ ಹಾಗೆ ಕೂಗಿದ್ದು ನಮ್ಮಪ್ಪನ ಕಿವಿಗಲ್ಲ, ಅವ್ವನ ಕಿವಿಗೆ. ಅಷ್ಟು ಹೊತ್ತಿಗೆ ಅಪ್ಪನಿಗೂ ಅವರಿಗೂ ಮಾತು ನಿಂತಿತ್ತು.

ಕಾರಣ ಒಂದು ತಾಗಾ. ಗೋದಾಮಿನಿಂದ ಬಂದ ದಾರದಲ್ಲಿ ಬೇರೆ ನಂಬರಿನ ದಪ್ಪ ದಾರ ಸೇರಿಬಿಟ್ಟಿತ್ತು. ಅಪ್ಪ ಗಮನಿಸದೆ ನೇಯ್ದುಬಿಟ್ಟಿದ್ದ. ಬಟ್ಟೆಯುದ್ದಕ್ಕೂ ಅಲ್ಲಲ್ಲಿ ಒಂದೊಂದು ದಪ್ಪ ಗೆರೆ. ಕಾಕಾ ಫೇಲ್ ಮಾಡಿದರು. ಅದು ಅವರ ಕೆಲಸ, ಅಪ್ಪ ಅದಕ್ಕೆ ಸಿಟ್ಟಾಗುವವನಲ್ಲ. ಮಗ್ಗದ ಸದ್ದಿನಲ್ಲಿ ಬದುಕಿದವರು ಸಾಧಾರಣ ಮಾತನ್ನೂ ಗಂಟಲು ಹರಿದುಕೊಂಡೇ ಆಡುತ್ತಾರೆ. ಕಾಕಾ ಬಾಯಿ ತೆರೆದರು, ಅದೇ ಗಳಿಗೆಗೆ ಕರೆಂಟ್ ಹೋಯಿತು. ಅಷ್ಟೂ ಮಗ್ಗ ಒಮ್ಮೆಲೇ ನಿಂತವು. ಆ ಮೌನದಲ್ಲಿ ಅವರ ಕೂಗು ಇಡೀ ಶೆಡ್ಡಿಗೆ ಕೇಳಿಸಿತು: “ಕಣ್ಣು ಎಲ್ಲಿ ಇಟ್ಟಿದ್ದಿ? ಇದು ನೇಕಾರನ ಕೈ ಅಲ್ಲ!”

ಯಾರೋ ನಕ್ಕರು. ಅಪ್ಪ ಕೈ ಒರೆಸಿಕೊಂಡು ಹೊರಗೆ ನಡೆದ. ಮರುದಿನದಿಂದ ಬೇರೆ ಕಾರಖಾನೆ.

ಹನ್ನೆರಡು ವರ್ಷ. ಹೆಂಗಸರಿಬ್ಬರು, ಅಂದರೆ ನಮ್ಮವ್ವ ಮತ್ತು ಕಾಕಾರ ಹೆಂಡತಿ ಕಾಕು, ಗೋಡೆಯ ಮೇಲಿಂದ ರೊಟ್ಟಿ-ಪಲ್ಯ ದಾಟಿಸುವುದನ್ನು ಬಿಡಲಿಲ್ಲ. ಗಂಡಸರು ಮಾತ್ರ ನಮ್ಮ ಬೆಕ್ಕಿನ ಮೂಲಕ ಮಾತಾಡುತ್ತಿದ್ದರು. ಅಪ್ಪ ಅಂಗಳದಲ್ಲಿ ನಿಂತು, “ಏ ಬೆಕ್ಕ, ಯಾರದೋ ನಳ ಸೋರಾಕತ್ತೈತಿ, ನೀರು ಹಾಳ ನೋಡ” ಅನ್ನುತ್ತಿದ್ದ. ಆ ಕಡೆಯಿಂದ ಉತ್ತರ: “ಬೆಕ್ಕ, ನಳ ರಿಪೇರಿಯವಾ ನಾಳೆ ಬರತಾನಂತ ಹೇಳ.” ನನ್ನ ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಬೇರೆ ಬೇರೆ ದಿಕ್ಕಿಗೆ ನೋಡುತ್ತ ಹೋಳಿಗೆ ತಿಂದರು.

ನಾನೀಗ ಗಡಹಿಂಗ್ಲಜದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಒಮ್ಮೆ ತವರಿಗೆ ಬಂದಾಗ ಕಾಕಾರಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ರತ್ನಾಗಿರಿಯ ಕಡೆ, ಸಮುದ್ರದ ಪಕ್ಕದ ಗುಡ್ಡದಿಂದ ಇಬ್ಬರು ಒಂದು ದೊಡ್ಡ ಕೇಸರಿ ಬಟ್ಟೆಗೆ ಜೋತುಬಿದ್ದು ಊರಿನ ಮೇಲೆ ತೇಲುತ್ತಿದ್ದಾರೆ. ಪ್ಯಾರಾಗ್ಲೈಡಿಂಗು. ಯಾರೇ ನೋಡಿದರೂ, ಅಯ್ಯೋ ಎಷ್ಟು ಎತ್ತರ ಅನ್ನುತ್ತಾರೆ. ಕಾಕಾ ಕನ್ನಡಕ ಏರಿಸಿಕೊಂಡು ಕೇಳಿದ್ದು ಬೇರೆ:

“ಅದು ಯಾವ ಅರಿವಿ?”

“ನೈಲಾನ್ ಇರಬೇಕ್ರಿ ಕಾಕಾ.”

“ಇರಬೇಕು ಅಂದ್ರ? ಎಳಿ ಎಷ್ಟು? ಇಬ್ಬರು ಮಂದಿ ಅದಾರ. ನೇಯ್ಗಿ ಹೆಂಗಿದ್ದೀತು?” ವಿಡಿಯೊ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದರು. ಚೌಕಚೌಕ ಬಣ್ಣದ ಚುಕ್ಕಿ ಬಿಟ್ಟು ಏನೂ ಕಾಣಲಿಲ್ಲ. “ಜಲ್ಮಾ ಎಲ್ಲಾ ಅರಿವಿ ನೋಡೇನಿ ಮಗಳ. ಮನಶಾನ್ನ ಎತ್ತು ಅರಿವಿ ನೋಡಿಲ್ಲ.”

ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ. ಕೊನೆಗೆ ಒಂದು ಗಾಡಿ ಗೊತ್ತುಮಾಡಿದೆ. ಅಪ್ಪನನ್ನೂ ಕರೆದೆ. “ಅಂವ ಕುಂತ ಗಾಡ್ಯಾಗ ನಾ ಕುಂದ್ರಾಂಗಿಲ್ಲ” ಅಂದ. ಹೀಗಾಗಿ ನಾನು, ಕಾಕಾ, ಕಾಕು ಮೂವರೇ ಕೊಲ್ಲಾಪುರ ದಾಟಿ, ಆಂಬಾ ಘಾಟ ಇಳಿದು ಕೊಂಕಣಕ್ಕೆ ಹೋದೆವು. ಕಾಕಾರ ಅಂಗಿಯ ಜೇಬಿನಲ್ಲಿ ಎಳೆ ಎಣಿಸುವ ಸಣ್ಣ ಭೂತಗನ್ನಡಿ.

ಗುಡ್ಡದ ಮೇಲೆ ಕೆಂಪು ಕಲ್ಲಿನ ಬಯಲು. ಕೆಳಗೆ ಮಾವಿನ ತೋಟ, ಹಂಚಿನ ಮನೆಗಳು, ಬಂದರು, ಅದರಾಚೆ ಸಮುದ್ರ. ಹಾರಿಸುವ ತರುಣ ಬಟ್ಟೆಯನ್ನು ನೆಲದ ಮೇಲೆ ಹರಡಿ, ಅದರ ಸಣ್ಣ ಸಣ್ಣ ಹಗ್ಗಗಳನ್ನು ಉದ್ದಕ್ಕೆ ಬಿಡಿಸಿ ಇಟ್ಟಿದ್ದ. ಆ ಹಗ್ಗಗಳನ್ನು ದಾಟಿದರೆ ಅವನ ಬಳಿಗೆ ನಾಲ್ಕೇ ಹೆಜ್ಜೆ. ಕಾಕಾ ಅಲ್ಲೇ ಚಪ್ಪಲಿ ಬಿಟ್ಟರು. ಬಿಟ್ಟು, ಇಡೀ ಬಟ್ಟೆಯನ್ನು ಸುತ್ತುಹಾಕಿ ನಡೆಯತೊಡಗಿದರು. ಮಗ್ಗಕ್ಕೆ ಹಾಸಿದ ಎಳೆಯನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ, ಮಕ್ಕಳು ದಾಟಿದರೂ ಏಟು ಬೀಳುತ್ತದೆ. ಅವರ ಕಣ್ಣಿಗೆ ಅಲ್ಲಿ ಬಿದ್ದದ್ದು ಹಾಸು.

ತರುಣ ಬೆರಗಾದ. ಬಂದವರೆಲ್ಲ ಕಣ್ಣುಮುಚ್ಚಿ ತುಳಿದು ಹಗ್ಗ ಸಿಕ್ಕು ಮಾಡುತ್ತಾರೆ, ಇವರು ಯಾರು ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದ. ನಾನು ಹೇಳಿದೆ. ಅವನು ನಕ್ಕು, ಬೂಟು ಹುಡುಕಿ ತಂದು ಕಾಕಾರ ಕಾಲಿಗೆ ತಾನೇ ಹಾಕಿದ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಪಟ್ಟಿ.

“ಲಗ್ನದಾಗೂ ಇಷ್ಟು ಶಿಂಗಾರ ಮಾಡ್ಕೊಂಡಿದ್ದಿಲ್ಲ” ಅಂದರು ಕಾಕು. ಮಾತಿನಲ್ಲಿ ಚೇಷ್ಟೆ, ಕೈ ಮಾತ್ರ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಕಾಕಾ ಮುಂದೆ, ತರುಣ ಹಿಂದೆ. ಅವನು ಹೇಳಿಕೊಟ್ಟದ್ದು ಒಂದೇ: ಓಡಬೇಕು, ನಿಲ್ಲಬಾರದು. ಗಾಳಿ ಬಂತು. ಬಟ್ಟೆ ನೆಲದಿಂದ ಎದ್ದು ಗಾಳಿ ತುಂಬಿಕೊಂಡು ತಲೆಯ ಮೇಲೆ ನಿಂತಿತು. “ಪಳಾ ಆಜೋಬಾ, ಪಳಾ! ಥಾಂಬೂ ನಕಾ!” ಓಡಿ ಅಜ್ಜಾ, ನಿಲ್ಲಬೇಡಿ ಎಂದು ಅವನು ಮರಾಠಿಯಲ್ಲಿ ಕೂಗಿದ. ಕಾಕಾ ಐದಾರು ಹೆಜ್ಜೆ ಓಡಿದರು. ಆಮೇಲೆ ತಲೆ ಎತ್ತಿದರು.

ಮೇಲೆ ಸಂಜೆಯ ಸೂರ್ಯ ಬಟ್ಟೆಯ ಆಚೆಗಿದ್ದ. ಇಡೀ ಬಟ್ಟೆ ಅವರ ಗಾಜಿನ ಮೇಜಿನಂತೆ ಬೆಳಗುತ್ತಿತ್ತು.

ಅಷ್ಟು ದೊಡ್ಡ ತಾಗಾ ಬೆಳಕಿಗೆ ಹಿಡಿದಿರುವಾಗ ಕಾಕಾ ಓಡುವುದುಂಟೇ? ನಿಂತೇಬಿಟ್ಟರು. ಹಿಂದಿನವನು ಅವರ ಮೇಲೆ ಬಿದ್ದ, ಬಟ್ಟೆ ಇಬ್ಬರ ಮೇಲೂ ಕುಸಿಯಿತು. ಕಾಕು ಕಿರುಚಿದರು. ನಾನು ಓಡಿದೆ. ಬಟ್ಟೆಯ ಒಳಗಿನಿಂದ ಧ್ವನಿ ಬಂತು:

“ಮಗಳ, ಇದರಾಗ ದಪ್ಪ ದಾರ ಬಂದೈತಿ!”

ಮಂಡಿ ತರಚಿತ್ತು, ಅದರ ಕಡೆ ಲಕ್ಷ್ಯವಿಲ್ಲ. ಭೂತಗನ್ನಡಿ ಹೊರಗೆ ಬಂತು. ಕೆಲವು ಎಳೆ ಬಿಟ್ಟು ಒಂದು ದಪ್ಪ ದಾರ, ಮತ್ತೆ ಕೆಲವು ಎಳೆ, ಮತ್ತೊಂದು. ಉದ್ದಕ್ಕೂ ಹಾಗೇ, ಅಡ್ಡಕ್ಕೂ ಹಾಗೇ. “ಇದನ್ನ ಯಾರು ಪಾಸ್ ಮಾಡಿದರು? ನಾ ಹೋಗಾಂಗಿಲ್ಲ. ಫೇಲ್ ಅರಿವಿ ಇದು.”

ತರುಣ ಪಕ್ಕದಲ್ಲಿ ಕೂತು ಸಮಾಧಾನದಿಂದ ವಿವರಿಸಿದ. ಅದು ತಪ್ಪಲ್ಲ, ಬೇಕೆಂದೇ ಹಾಕಿದ್ದು. ಬಟ್ಟೆ ಎಲ್ಲಾದರೂ ಚುಚ್ಚಿ ಹರಿಯತೊಡಗಿದರೆ ಆ ದಪ್ಪ ದಾರದ ತನಕ ಬಂದು ನಿಲ್ಲುತ್ತದೆ, ಮುಂದೆ ಸಾಗುವುದಿಲ್ಲ. ಅದಿಲ್ಲದಿದ್ದರೆ ಒಂದು ಸಣ್ಣ ತೂತೇ ಈ ತುದಿಯಿಂದ ಆ ತುದಿಗೆ ಸೀಳಿಬಿಡಬಹುದು.

ಕಾಕಾ ಉಗುರಿನಿಂದ ಬಟ್ಟೆಯನ್ನು ಎಳೆದು ನೋಡಿದರು. ಮತ್ತೊಮ್ಮೆ ಎಳೆದರು. ಅಲ್ಲಾಡಲಿಲ್ಲ.

“ಹರೀತೈತಿ ಅಂತ ಮೊದಲs ಗೊತ್ತಿದ್ದು ನೇದಾರ” ಅಂದರು, ನನಗಲ್ಲ, ತಮಗೇ. ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಎದ್ದು, “ನಡಿಯಪಾ, ಈ ಸಲ ಓಡತೇನಿ” ಅಂದರು.

ಓಡಿದರು. ಗುಡ್ಡದ ಅಂಚು ದಾಟಿದ ಮೇಲೂ ಗಾಳಿಯಲ್ಲಿ ಕಾಲಾಡಿಸುತ್ತಲೇ ಇದ್ದರು. ನಾವಿಬ್ಬರೂ ಗಾಡಿಯಲ್ಲಿ ಕೆಳಗಿಳಿದು ಮರಳಿನ ದಂಡೆಗೆ ಹೋಗುವ ತನಕ ಕಾಕು ಕಿಟಕಿಯಿಂದ ಆ ಕೇಸರಿ ಚೂರನ್ನೇ ನೋಡುತ್ತಿದ್ದರು. ಅದು ಬಂದರಿನ ಮೇಲೆ ಒಂದು ಸುತ್ತು ಹಾಕಿ, ದೀಪಸ್ತಂಭದ ಕಡೆ ವಾಲಿ, ನಿಧಾನಕ್ಕೆ ಇಳಿದು ಬಂತು. ಕಾಕಾ ಮರಳಲ್ಲಿ ಕುಕ್ಕರಿಸಿದರು, ಮುಖದ ತುಂಬ ನಗು.

“ಊರು ಹೆಂಗ ಕಾಣಸ್ತರಿ?” ಎಂದು ಕೇಳಿದೆ.

ತರುಣ ನಗುತ್ತ ಹೇಳಿದ: ಎಲ್ಲರೂ ಕೆಳಗೆ ನೋಡುತ್ತಾರೆ, ನಿಮ್ಮ ಆಜೋಬಾ ಅರ್ಧ ದಾರಿ ಮೇಲೆಯೇ ನೋಡುತ್ತಿದ್ದರು.

“ಊರೂ ನೋಡಿದೆ” ಅಂದರು ಕಾಕಾ. “ದೋಣಿ ಹೋಗಾಕತ್ತಿದ್ದವು, ಲಾಳಿ ಹೋದಂಗ. ನೀರಾಗ ಬಿಳೇ ಗೆರಿ ಬಿಟ್ಟಕೋತ.” ನಗು ಸ್ವಲ್ಪ ಇಳಿಯಿತು. “ಮ್ಯಾಲ ಸಪ್ಪಳs ಇಲ್ಲ ಮಗಳ. ಕರೆಂಟ್ ಹೋದಾಗ ಹೆಂಗ ಇರತೈತಿ, ಹಂಗ.”

ಅವರು ಎದ್ದು ಹೋಗಿ ತರುಣನ ಹತ್ತಿರ ಏನೋ ಕೇಳಿದರು. ಅವನು ಹಳೆಯ ಬಟ್ಟೆಯಿಂದ ಅಂಗೈಯಗಲದ ಒಂದು ಚೂರನ್ನು ಕತ್ತರಿಸಿಕೊಟ್ಟ.

ಮರುದಿನ ಊರು ಮುಟ್ಟಿದೆವು. ಅದರ ಮರುದಿನ ಬೆಳಿಗ್ಗೆ ಅಪ್ಪ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ, ಕಾಲ ಬಳಿ ಬೆಕ್ಕು. ಕಾಕಾ ಗೋಡೆ ಬಳಸಿ ನಮ್ಮ ಅಂಗಳಕ್ಕೆ ಬಂದು, ಚಪ್ಪಲಿ ಬಿಟ್ಟು, ಆ ಚೂರನ್ನು ಅಪ್ಪನ ಮೊಣಕಾಲ ಮೇಲೆ ಇಟ್ಟರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ.

ಅಪ್ಪ ಮುಖ ಎತ್ತಲಿಲ್ಲ. ಆದರೆ ಬಟ್ಟೆ ಮೊಣಕಾಲಿನ ಮೇಲೆ ಬಿದ್ದ ಮೇಲೆ ನೇಕಾರನ ಬೆರಳು ಸುಮ್ಮನಿರುತ್ತದೆಯೇ? ಮೊದಲು ಹೆಬ್ಬೆರಳು ಮುಟ್ಟಿತು, ಆಮೇಲೆ ಕೈ ಅದನ್ನು ಬಿಸಿಲಿಗೆ ಎತ್ತಿ ಹಿಡಿಯಿತು.

“ದಪ್ಪ ದಾರ ಬಂದೈತಿ” ಅಂದ ಅಪ್ಪ.

“ಬಂದಿಲ್ಲ. ಹಾಕ್ಯಾರ.”

“ಯಾಕ?”

“ಹರದದ್ದು ಅಲ್ಲೇ ನಿಂದರಲಿ ಅಂತ.”

ಅಪ್ಪ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. “ಮತ್ತ ನನ್ನ ತಾಗಾ?”

“ಅದು ಫೇಲ್. ಇವತ್ತೂ ಫೇಲ್. ಸುಳ್ಳ ಹೇಳಾಂಗಿಲ್ಲ ನಾ.” ಕಾಕಾ ತಮ್ಮ ಹೆಬ್ಬೆರಳಿನ ಉಗುರನ್ನೇ ನೋಡಿಕೊಂಡರು. “ಆದರ ಹಂಗ ಒದರಬಾರದಿತ್ತು. ಕರೆಂಟ್ ಹೋದದ್ದು ಲಕ್ಷ್ಯಕ್ಕ ಬರಲಿಲ್ಲ. ಬಂದ ಮ್ಯಾಲೂ… ತಪ್ಪಾತು ಅನ್ನಾಕ ಬಾಯಿ ಬರಲಿಲ್ಲ.”

ಅಪ್ಪ ಚೂರನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಬೆಕ್ಕಿನ ಕಡೆ ಬಾಗಿ ಅಂದ:

“ಏ ಬೆಕ್ಕ, ಬಂದಾವ್ರಿಗೆ ಚಾ ಬೇಕೇನು ಕೇಳ.”

“ಸಕ್ಕರಿ ಕಡಿಮಿ ಹಾಕಂತ ಹೇಳ ಬೆಕ್ಕಿಗೆ” ಅಂದು ಕಾಕಾ ಕಟ್ಟೆಯ ಮೇಲೆ ಕೂತರು.

ಆಮೇಲೆ ಮೂರು ವರ್ಷ ಇಬ್ಬರೂ ಆ ಕಟ್ಟೆಯನ್ನು ಬಿಡಲಿಲ್ಲ. ಜಗಳವೂ ಇರುತ್ತಿತ್ತು. ಕೇಸರಿ ಚೂರು ಒಂದು ವಾರ ಅಪ್ಪನ ಜೇಬಿನಲ್ಲಿ, ಒಂದು ವಾರ ಕಾಕಾರ ಜೇಬಿನಲ್ಲಿ.

ಕಳೆದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ನಾನು ಗಡಹಿಂಗ್ಲಜದಿಂದ ಬರುವ ಹೊತ್ತಿಗೆ ಅವರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಮೈಗೆ ಹೊದಿಸಲು ಯಾರೋ ಪೇಟೆಯಿಂದ ಹೊಸ ಬಿಳಿ ಬಟ್ಟೆ ತಂದರು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ಬಾಗಿಲಿಗೆ ಹೋಗಿ, ಬೆಳಕಿಗೆ ಹಿಡಿದ. ಎರಡು ಮೊಳ ಸರಿಸಿದ. ನಿಂತ.

“ಇಲ್ಲೆ ಎಳಿ ಬಿಟ್ಟೈತಿ. ಬ್ಯಾರೆ ತರ್ರಿ.”

“ಈಗ್ಯಾಕ್ರಿ ಅದೆಲ್ಲಾ, ಹೊತ್ತಾತು” ಅಂದರು ಯಾರೋ.

“ಇದನ್ನ ಅಂವ ಪಾಸ್ ಮಾಡತಿದ್ದಿಲ್ಲ” ಅಂದ ಅಪ್ಪ. ಜೋರಾಗಿ ಅನ್ನಲಿಲ್ಲ.

ಇನ್ನೊಂದು ಬಟ್ಟೆ ಬಂತು. ಅಪ್ಪ ಅದನ್ನು ತುದಿಯಿಂದ ತುದಿಯವರೆಗೆ ಬೆಳಕಿನಲ್ಲಿ ಸರಿಸಿದ, ಹೆಬ್ಬೆರಳಿನಿಂದ ಎಳೆದ, ಎಲ್ಲರೂ ಕಾದರು. ಕೊನೆಗೆ ನನ್ನ ಕಡೆ ತಿರುಗಿದ. ಅಪ್ಪನಿಗೆ ಓದು ಬರಹ ಬಾರದು.

“ಅವನ ಅಕ್ಷರ ಹಾಕವಾ” ಅಂದ.

ಕಾಕು ದೇವರ ಮಾಡದಿಂದ ನೀಲಿ ಚಾಕ್‌ಪೀಸು ತೆಗೆದುಕೊಟ್ಟರು. ನಾನು ಬಟ್ಟೆಯ ಮೂಲೆಯನ್ನು ಅಂಗೈ ಮೇಲೆ ಹರಡಿಕೊಂಡು, ನನಗೆ ಬರುವ ಮೊದಲ ಅಕ್ಷರವನ್ನು ಬರೆದೆ.